ಕೈಲಾಸ ಇರುವುದು ಟಿಬೆಟಿನಲ್ಲಿ: ಹೊರಡುವ ಮುನ್ನ ತಿಳಿಯಬೇಕಾದ ಎತ್ತರ, ಕಾನೂನು, ಆಚಾರ

ಐದು ವರ್ಷ ನಿಂತುಹೋಗಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಭಾರತ ಸರ್ಕಾರದ ಮೂಲಕ ಹೋಗಲು ಅವಕಾಶವಿದ್ದದ್ದು 750 ಮಂದಿಗೆ. ಉತ್ತರಾಖಂಡದ ಲಿಪುಲೇಖ್ ದಾರಿಯಲ್ಲಿ ಐವತ್ತು ಜನರ ಐದು ತಂಡ, ಸಿಕ್ಕಿಮಿನ ನಾಥು ಲಾ ದಾರಿಯಲ್ಲಿ ಹತ್ತು ತಂಡ. ನೇಪಾಳದಿಂದ ಖಾಸಗಿ ಟೂರ್‌ಗಳಲ್ಲಿ ಹೋಗುವವರು ಬೇರೆ.

ಇದರ ಜೊತೆಗೆ 2026 ಟಿಬೆಟಿಯನ್ ಪಂಚಾಂಗದಲ್ಲಿ ಕುದುರೆ ವರ್ಷ. ಅದು ಬರುವುದು ಹನ್ನೆರಡು ವರ್ಷಕ್ಕೊಮ್ಮೆ. ಆ ವರ್ಷ ಕೈಲಾಸಕ್ಕೆ ಒಂದು ಸುತ್ತು ಬಂದರೆ ಹಲವು ಸುತ್ತಿನ ಪುಣ್ಯ ಸಿಗುತ್ತದೆ ಎಂದು ಅಲ್ಲಿನವರು ನಂಬುತ್ತಾರೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಮ್ಮಲ್ಲಿ ಜನ ಸೇರುವ ಹಾಗೆ ಅಲ್ಲಿ ಆ ವರ್ಷ ಜನ ಸೇರುತ್ತಾರೆ.

ನಮ್ಮ ಊರುಗಳಲ್ಲಿ ಈ ಯಾತ್ರೆಯ ಮಾತು ಬಂದರೆ ಶಿವನ ಮನೆಯ ಬಗ್ಗೆ ಮಾತಾಡುತ್ತೇವೆ. ಆ ಮನೆ ಯಾರ ನೆಲದಲ್ಲಿದೆ, ಅಲ್ಲಿ ಯಾರು ಬದುಕುತ್ತಿದ್ದಾರೆ ಎನ್ನುವುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಕೈಲಾಸಕ್ಕೆ ಹೋಗುವುದು ಅಂದರೆ ಟಿಬೆಟಿಗೆ ಹೋಗುವುದು. ಅಲ್ಲಿ ಯಾತ್ರಿಕರು ಮೂರು ಬಗೆಯ ನಿಯಮಗಳಿಗೆ ಒಳಪಡುತ್ತಾರೆ. ಒಂದು ಎತ್ತರದ ನಿಯಮ, ಅದು ಯಾರ ಮಾತನ್ನೂ ಕೇಳುವುದಿಲ್ಲ. ಇನ್ನೊಂದು ಚೀನಾ ಸರ್ಕಾರದ ಕಾನೂನು. ಮೂರನೆಯದು ಸಾವಿರಾರು ವರ್ಷಗಳಿಂದ ಅಲ್ಲಿರುವ ಜನರ ಆಚಾರ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಟಿಬೆಟ್ ಅಂದರೆ ಯಾವ ಜಾಗ?

ಚೀನಾದ ನಕ್ಷೆಯಲ್ಲಿ ‘ಟಿಬೆಟ್ ಸ್ವಾಯತ್ತ ಪ್ರದೇಶ’ ಎಂದು ಒಂದು ಭಾಗವಿದೆ. ಅದನ್ನು ರಚಿಸಿದ್ದು 1965ರಲ್ಲಿ. ಲ್ಹಾಸಾ ಅದರ ರಾಜಧಾನಿ. ಕೈಲಾಸ ಮತ್ತು ಮಾನಸ ಸರೋವರ ಅದರ ಪಶ್ಚಿಮ ತುದಿಯಲ್ಲಿವೆ. ಆದರೆ ಟಿಬೆಟಿಯನ್ನರು ಇರುವುದು ಅಲ್ಲಿ ಮಾತ್ರವಲ್ಲ. ಪಕ್ಕದ ಚಿಂಘಾಯ್, ಗಾನ್ಸು, ಸಿಚುವಾನ್, ಯುನ್ನಾನ್ ಪ್ರಾಂತ್ಯಗಳ ಬೆಟ್ಟಸೀಮೆಗಳೂ ಅವರ ನೆಲವೇ. ಹಳೆಯ ಹೆಸರಿನಲ್ಲಿ ಹೇಳುವುದಾದರೆ ಆಮ್ಡೊ ಮತ್ತು ಖಾಮ್. ಚೀನಾದಲ್ಲಿರುವ ಟಿಬೆಟಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವಾಯತ್ತ ಪ್ರದೇಶದ ಹೊರಗೇ ಇದ್ದಾರೆ.

ಈ ವ್ಯತ್ಯಾಸ ಪ್ರವಾಸಿಗೆ ಯಾಕೆ ಬೇಕು? ಎರಡೂ ಕಡೆ ನಿಯಮ ಬೇರೆ. ಆಮ್ಡೊ, ಖಾಮ್ ಸೀಮೆಯ ಬಹಳಷ್ಟು ಊರುಗಳಿಗೆ ಚೀನಾದ ಸಾಮಾನ್ಯ ವೀಸಾ ಸಾಕು. ಕೆಲವನ್ನು ಆಗಾಗ ಹೊರದೇಶದವರಿಗೆ ಮುಚ್ಚುವುದೂ ಉಂಟು. ಲ್ಹಾಸಾ, ಕೈಲಾಸದ ಕಡೆಗಾದರೆ ವೀಸಾ ಇದ್ದರೂ ಪ್ರತ್ಯೇಕ ಪರ್ಮಿಟ್ ಬೇಕೇ ಬೇಕು.

ಗಾಳಿ ತೆಳುವಾಗುವುದು ಅಂದರೇನು?

ಮೊದಲು ಎತ್ತರದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಲ್ಹಾಸಾ ನಗರವೇ 3,650 ಮೀಟರ್. ಮಾನಸ ಸರೋವರದ ದಡ ಸುಮಾರು 4,590 ಮೀಟರ್. ಕೈಲಾಸ ಪ್ರದಕ್ಷಿಣೆಯ ದಾರಿಯಲ್ಲಿ ದಾಟಬೇಕಾದ ಡೋಲ್ಮಾ ಲಾ ಸುಮಾರು 5,630 ಮೀಟರ್. ಟಿಬೆಟಿಯನ್ ಭಾಷೆಯಲ್ಲಿ ‘ಲಾ’ ಅಂದರೆ ಎರಡು ಬೆಟ್ಟಗಳ ನಡುವೆ ದಾಟುವ ಜಾಗ. ಡೋಲ್ಮಾ ಲಾ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಮೂರು ಪಟ್ಟು ಎತ್ತರ.

ಮೇಲೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ, ಶೇ 21. ಬದಲಾಗುವುದು ಒತ್ತಡ. ಹತ್ತಿಯ ದೊಡ್ಡ ರಾಶಿಯನ್ನು ನೆನಪಿಸಿಕೊಳ್ಳಿ. ಮೇಲಿನ ಹತ್ತಿಯ ಭಾರಕ್ಕೆ ಅಡಿಯ ಹತ್ತಿ ಅದುಮಿ ಗಟ್ಟಿಯಾಗಿರುತ್ತದೆ. ತುದಿಯದ್ದು ಸಡಿಲವಾಗಿ ಹರಡಿಕೊಂಡಿರುತ್ತದೆ. ಅಡಿಯಿಂದ ಒಂದು ಹಿಡಿ ತೆಗೆದರೆ ಸಿಗುವಷ್ಟು ಹತ್ತಿ ತುದಿಯಿಂದ ಒಂದು ಹಿಡಿ ತೆಗೆದರೆ ಸಿಗುವುದಿಲ್ಲ. ಗಾಳಿಯೂ ಹಾಗೆಯೇ. 5,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವುದು ಸಮುದ್ರತೀರದಲ್ಲಿ ಸಿಗುವುದರ ಸುಮಾರು ಅರ್ಧ. ಡೋಲ್ಮಾ ಲಾ ಅದಕ್ಕಿಂತಲೂ ಮೇಲಿದೆ. ಇದೇ ಕಾರಣಕ್ಕೆ ಅಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಕುಕ್ಕರ್ ಇಲ್ಲದೆ ಬೇಯುವುದಿಲ್ಲ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ, ನಿಧಾನಕ್ಕೆ ರಕ್ತವೂ ಬದಲಾಗುತ್ತದೆ. ಆದರೆ ಅದಕ್ಕೆ ದಿನಗಳು ಬೇಕು. ಆ ಸಮಯ ಕೊಡದೆ ಮೇಲೇರಿದಾಗ ಬರುವುದೇ ಎತ್ತರದ ಕಾಯಿಲೆ. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ಸುಸ್ತು, ನಿದ್ದೆ ಬಾರದಿರುವುದು ಅದರ ಮೊದಲ ಗುರುತುಗಳು. ನಮ್ಮವರು ಇದನ್ನು ‘ಪ್ರಯಾಣದ ಆಯಾಸ’, ‘ಪಿತ್ತ’, ‘ಊಟ ಒಗ್ಗಲಿಲ್ಲ’ ಎಂದು ತಳ್ಳಿಹಾಕುವುದೇ ಜಾಸ್ತಿ. ಎತ್ತರದ ಜಾಗದಲ್ಲಿ ತಲೆನೋವು ಬಂದರೆ ಬೇರೆ ಕಾರಣ ಸಿಗುವ ತನಕ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು.

ಈ ಹಂತದಲ್ಲಿ ಮಾಡಬೇಕಾದ್ದು ಸುಲಭ. ಇನ್ನೂ ಮೇಲೆ ಹೋಗಬಾರದು, ಅಲ್ಲೇ ನಿಲ್ಲಬೇಕು. ನಿಲ್ಲದೆ ಮುಂದೆ ಹೋದರೆ ಅದು ಎರಡು ರೂಪದಲ್ಲಿ ಉಲ್ಬಣಿಸಬಹುದು, ಎರಡೂ ಪ್ರಾಣಕ್ಕೆ ಅಪಾಯ. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸುಮ್ನೆ ಕೂತಿದ್ದರೂ ಏದುಸಿರು, ಕೆಮ್ಮು, ಕೆಲವೊಮ್ಮೆ ನಸುಗೆಂಪು ನೊರೆಯ ಕಫ. ಇನ್ನೊಂದರಲ್ಲಿ ಮಿದುಳು ಊದಿಕೊಳ್ಳುತ್ತದೆ. ಮಾತು ತಪ್ಪುತ್ತದೆ, ಕುಡಿದವರ ಹಾಗೆ ನಡಿಗೆ ತೂರಾಡುತ್ತದೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ. ಆಗದಿದ್ದರೆ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಕೆಳಗಿಳಿಸಬೇಕು. ಇಳಿಯುವುದೇ ನಿಜವಾದ ಮದ್ದು. ಆಮ್ಲಜನಕದ ಸಿಲಿಂಡರ್, ಔಷಧಿಗಳು ಇಳಿಯುವ ತನಕ ಜೀವ ಹಿಡಿದಿಡಲು ನೆರವಾಗುತ್ತವೆ, ಅಷ್ಟೆ. ಅಂಗಡಿಯಲ್ಲಿ ಸಿಗುವ ಕೈಯಳತೆಯ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ. ಅದನ್ನು ನಂಬಿ ಮೇಲೇರಬೇಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ದಿನಾ ವಾಕಿಂಗ್ ಮಾಡುತ್ತೇನೆ, ಮ್ಯಾರಥಾನ್ ಓಡಿದ್ದೇನೆ, ನನಗೇನೂ ಆಗದು ಅನ್ನುವುದು. ಗಟ್ಟಿಮುಟ್ಟಾದ ದೇಹ ನಡೆಯಲು ಉಪಯೋಗಕ್ಕೆ ಬರುತ್ತದೆ. ಎತ್ತರದ ಕಾಯಿಲೆಯನ್ನು ಅದು ತಡೆಯುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ, ತಲೆನೋವನ್ನು ಮುಚ್ಚಿಟ್ಟುಕೊಂಡು ಇನ್ನಷ್ಟು ಅಪಾಯ ತಂದುಕೊಳ್ಳುವುದೂ ಇದೆ.

ಅಸೆಟಜೋಲಮೈಡ್ ಎಂಬ ಮಾತ್ರೆಯ ಹೆಸರು ಕೇಳಿರುತ್ತೀರಿ. ಡಯಮಾಕ್ಸ್ ಎಂದು ಮಾರುತ್ತಾರೆ. ದೇಹ ಬೇಗ ಹೊಂದಿಕೊಳ್ಳಲು ಅದು ನೆರವಾಗುತ್ತದೆ. ಬೆರಳು ಜುಮುಜುಮು ಅನ್ನುವುದು, ಪದೇಪದೇ ಮೂತ್ರ ಬರುವುದು ಅದರ ಸಾಮಾನ್ಯ ಪರಿಣಾಮ. ಸಲ್ಫಾ ಔಷಧಿ ಒಗ್ಗದವರು, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿದ್ದೆ ಬರಲಿಲ್ಲವೆಂದು ನಿದ್ದೆಮಾತ್ರೆ ನುಂಗುವುದು, ಚಳಿಗೆಂದು ಮದ್ಯ ಕುಡಿಯುವುದು ಎರಡೂ ಉಸಿರಾಟವನ್ನು ಇನ್ನೂ ಮಂದ ಮಾಡುತ್ತವೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಮನೆಯಲ್ಲಿ 98 ಬರುತ್ತಿದ್ದದ್ದು ಸರೋವರದ ದಡದಲ್ಲಿ 85 ಆಗಬಹುದು. ಅದೊಂದಕ್ಕೇ ಗಾಬರಿ ಬೇಡ. ಸಂಖ್ಯೆಗಿಂತ ಆ ಮನುಷ್ಯ ಹೇಗಿದ್ದಾನೆ ಎನ್ನುವುದನ್ನು ನೋಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅನ್ನು ಲಗೇಜಿನಲ್ಲಿ ಇಡದೆ ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಬೇಸಿಗೆಯಲ್ಲೂ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ.

ಯಾವ ದಾರಿಯಲ್ಲಿ ಹೋಗುತ್ತೀರಿ ಎನ್ನುವುದು ಯಾಕೆ ಮುಖ್ಯ?

ವೈದ್ಯರು ಹೇಳುವ ನಿಯಮ ಹೀಗಿದೆ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಜಾಸ್ತಿ ಎತ್ತರದಲ್ಲಿ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಈಗ ಟೂರಿನ ಪಟ್ಟಿಯನ್ನು ಈ ಅಳತೆಗೋಲಿನಿಂದ ನೋಡಿ. ಸರ್ಕಾರಿ ಯಾತ್ರೆ ಸುಮಾರು ಮೂರು ವಾರದ್ದು. ದೆಹಲಿಯಲ್ಲಿ ಒಮ್ಮೆ, ದಾರಿಯಲ್ಲಿ ಇನ್ನೊಮ್ಮೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ತೂಕ ಹೆಚ್ಚಿದ್ದರೆ, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಜನ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಆ ಕಟ್ಟುನಿಟ್ಟು ಇರುವುದು ಜೀವ ಉಳಿಸುವುದಕ್ಕೆ.

ಖಾಸಗಿ ಟೂರ್‌ಗಳು ಯಾತ್ರೆಯನ್ನು ಹತ್ತರಿಂದ ಹದಿನಾಲ್ಕು ದಿನದಲ್ಲಿ ಮುಗಿಸುತ್ತವೆ. ಕಠ್ಮಂಡು ಸುಮಾರು 1,400 ಮೀಟರ್. ಗಡಿ ದಾಟಿ ಕೆರುಂಗ್ ಸೇರಿದರೆ 2,800ರ ಆಸುಪಾಸು. ಅಲ್ಲಿಂದ ಸಾಗಾ, ಸುಮಾರು 4,500. ಕೆರುಂಗ್‌ನಲ್ಲಿ ಒಂದೇ ರಾತ್ರಿ ಕಳೆದು ಮಾರನೆಯ ದಿನ ಸಾಗಾದಲ್ಲಿ ಮಲಗಿದರೆ ಒಂದೇ ಏಟಿಗೆ 1,700 ಮೀಟರ್ ಏರಿದ ಹಾಗೆ. ಹೆಲಿಕಾಪ್ಟರ್ ದಾರಿ ಇನ್ನೂ ಕಡಿದಾದದ್ದು. ಬಯಲಿನ ನೇಪಾಲ್‌ಗಂಜ್‌ನಿಂದ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಗಡಿಯ ಹಿಲ್ಸಾ. ಕಾಲಿಗೆ ಆಯಾಸವಿಲ್ಲ, ನಿಜ. ಆದರೆ ಶ್ವಾಸಕೋಶಕ್ಕೆ ಸಮಯವೂ ಸಿಗುವುದಿಲ್ಲ. ಹಣ ಕಟ್ಟುವ ಮೊದಲು ಒಂದೊಂದು ರಾತ್ರಿಯ ಊರು, ಅದರ ಎತ್ತರ ಎರಡನ್ನೂ ಬರೆಸಿಕೊಳ್ಳಿ. ವಿಶ್ರಾಂತಿಯ ದಿನ ಎಲ್ಲಿ, ಎಷ್ಟು ಎಂದು ಕೇಳಿ. ಊಟದಲ್ಲಿ ಏನಿರುತ್ತದೆ ಎಂದು ವಿಚಾರಿಸುವಷ್ಟೇ ಒತ್ತಾಯದಿಂದ ಇದನ್ನೂ ಕೇಳಬೇಕು.

ಹವಾಮಾನವನ್ನೂ ಲೆಕ್ಕಕ್ಕೆ ಹಿಡಿಯಿರಿ. 1998ರ ಆಗಸ್ಟಿನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು ಯಾತ್ರಿಕರ ಇಡೀ ತಂಡ ಮಣ್ಣುಪಾಲಾಯಿತು. ಬೆಂಗಳೂರಿನ ಹೆಸರಘಟ್ಟದ ಬಳಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿ ಆ ತಂಡದಲ್ಲಿದ್ದರು. 2018ರ ಜುಲೈನಲ್ಲಿ ಮೋಡ ಕವಿದು ಹೆಲಿಕಾಪ್ಟರ್ ಹಾರದೆ ನೂರಾರು ಭಾರತೀಯರು ಸಿಮಿಕೋಟ್, ಹಿಲ್ಸಾಗಳಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಕರ್ನಾಟಕದವರು. 2025ರ ಜುಲೈ 8ರಂದು ಕೆರುಂಗ್ ದಾರಿಯ ರಸುವಾಗಢಿಯಲ್ಲಿ ಪ್ರವಾಹ ಗಡಿಯ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಹಾಗಾಗಿ ವಾಪಸಿನ ವಿಮಾನದ ಟಿಕೆಟನ್ನು ಬಿಗಿಯಾಗಿ ಇಟ್ಟುಕೊಳ್ಳಬೇಡಿ. ದಿನಾ ತೆಗೆದುಕೊಳ್ಳುವ ಔಷಧಿ ಒಂದು ವಾರಕ್ಕೆ ಹೆಚ್ಚೇ ಇರಲಿ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದ ತನಕ ಅದು ಅನ್ವಯಿಸುತ್ತದೆ ಎಂಬ ಸಣ್ಣ ಅಕ್ಷರದ ಸಾಲನ್ನು ಓದಿ.

ಪರ್ಮಿಟ್ಟು, ಗೈಡು ಮತ್ತು ಒಂದೇ ಕಾಗದದ ವೀಸಾ

ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿ ಹೊರದೇಶದವರು ಒಬ್ಬರೇ ಬ್ಯಾಗ್ ಹಾಕಿಕೊಂಡು ತಿರುಗುವಂತಿಲ್ಲ. ನೋಂದಾಯಿತ ಟೂರ್ ಸಂಸ್ಥೆ, ಗೈಡ್, ವಾಹನ ಎಲ್ಲವೂ ಮೊದಲೇ ನಿಗದಿಯಾಗಿರಬೇಕು. ಆ ಸಂಸ್ಥೆಯೇ ಟಿಬೆಟ್ ಪರ್ಮಿಟ್ ಮಾಡಿಸುತ್ತದೆ. ಕೈಲಾಸದಂತಹ ಗಡಿ ಸೀಮೆಗೆ ಅದರ ಮೇಲೆ ಇನ್ನೂ ಕೆಲವು ಅನುಮತಿಗಳು ಬೇಕು. ಟಿಬೆಟಿಯನ್ ಹೊಸ ವರ್ಷ ಲೋಸಾರ್ ಮತ್ತು ಚೀನಾ ಆಡಳಿತದ ವಿರುದ್ಧ 1959ರಲ್ಲಿ ನಡೆದ ದಂಗೆಯ ನೆನಪಿನ ಮಾರ್ಚ್ 10 ಬರುವ ಹೊತ್ತಿಗೆ, ಅಂದರೆ ಸಾಮಾನ್ಯವಾಗಿ ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವ ತನಕ, ಹೊರದೇಶದವರಿಗೆ ಬಾಗಿಲು ಮುಚ್ಚಿರುತ್ತದೆ.

ನೇಪಾಳದಿಂದ ಹೋಗುವವರಿಗೆ ಗುಂಪಿನ ವೀಸಾ ಕೊಡುತ್ತಾರೆ. ಮನೆಮಂದಿಯ ಹೆಸರೆಲ್ಲ ಒಂದೇ ರೇಷನ್ ಕಾರ್ಡಿನಲ್ಲಿ ಇರುವ ಹಾಗೆ ತಂಡದ ಎಲ್ಲರ ಹೆಸರೂ ಒಂದೇ ಕಾಗದದಲ್ಲಿ ಇರುತ್ತದೆ. ಒಟ್ಟಿಗೆ ಒಳಹೋಗಬೇಕು, ಒಟ್ಟಿಗೆ ಹೊರಬರಬೇಕು. ಯಾರಿಗಾದರೂ ಹುಷಾರು ತಪ್ಪಿ ಮೊದಲೇ ಹಿಂದಿರುಗಬೇಕಾದರೆ ಆ ಹೆಸರನ್ನು ಬೇರೆ ಮಾಡಿಸಲು ಓಡಾಡಬೇಕಾಗುತ್ತದೆ. ಅದಕ್ಕೇ ಕಾಯಿಲೆಯ ಸೂಚನೆ ಕಂಡ ಕೂಡಲೇ ಗೈಡ್‌ಗೆ ಹೇಳಬೇಕು. ರಾತ್ರಿ ಹನ್ನೆರಡಕ್ಕೆ ಹೇಳಿದರೆ ಅವರ ಕೈಯೂ ಕಟ್ಟಿರುತ್ತದೆ.

ಲ್ಹಾಸಾದಲ್ಲಿ ಭಾರತದ ಕಾನ್ಸುಲೇಟ್ ಇತ್ತು, 1962ರಲ್ಲಿ ಮುಚ್ಚಿತು. ಈಗ ಏನಾದರೂ ಆದರೆ ಬೀಜಿಂಗ್‌ನ ರಾಯಭಾರ ಕಚೇರಿಯನ್ನೇ ಕೇಳಬೇಕು. ಚೀನಾದಲ್ಲಿ ಆಂಬುಲೆನ್ಸ್‌ಗೆ 120, ಪೊಲೀಸರಿಗೆ 110. ವಾಟ್ಸಾಪ್, ಗೂಗಲ್, ಫೇಸ್‌ಬುಕ್ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹೀಗಾಗಿ ಎರಡು ದಿನ ಫೋನ್ ಬರಲಿಲ್ಲವೆಂದು ಮನೆಯವರು ಗಾಬರಿಯಾಗದಂತೆ ಮೊದಲೇ ಹೇಳಿಡಿ.

ತಪ್ಪು ನಮ್ಮದು, ಬೆಲೆ ಅವರದು

ಈ ಭಾಗವನ್ನು ಕನ್ನಡಿಗರು ಗಮನವಿಟ್ಟು ಓದಬೇಕು. ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆಯ ಚಿನ್ನದ ದೇವಸ್ಥಾನವನ್ನು ನಮ್ಮಲ್ಲಿ ನೋಡದವರು ಕಡಿಮೆ. ಅಲ್ಲಿನ ಅಂಗಡಿಗಳಲ್ಲಿ, ಭಾರತದಲ್ಲಿ ಆಶ್ರಯ ಪಡೆದಿರುವ ಟಿಬೆಟಿಯನ್ನರ ಧರ್ಮಗುರು ದಲೈ ಲಾಮಾ ಅವರ ಚಿತ್ರವಿರುವ ಕೀಚೈನ್, ಕ್ಯಾಲೆಂಡರ್, ಟಿಬೆಟಿನ ಸಿಂಹಧ್ವಜದ ಸ್ಟಿಕ್ಕರ್ ಎಲ್ಲ ಸಿಗುತ್ತವೆ. ಇಲ್ಲಿ ಅದು ಪ್ರೀತಿಯ ಕಾಣಿಕೆ. ಟಿಬೆಟಿನಲ್ಲಿ ಅದೇ ವಸ್ತು ನಿಷಿದ್ಧ. ಬ್ಯಾಗಿನಲ್ಲಿ, ಪರ್ಸಿನಲ್ಲಿ, ಮೊಬೈಲಿನ ಗ್ಯಾಲರಿಯಲ್ಲಿ ಇಂಥದ್ದು ಏನಿದ್ದರೂ ಹೊರಡುವ ಮೊದಲು ಮನೆಯಲ್ಲಿ ಬಿಟ್ಟುಹೋಗಿ. ಗಡಿಯಲ್ಲಿ ಪುಸ್ತಕ, ನಕ್ಷೆ, ಫೋನ್‌ಗಳನ್ನೂ ತಡಕುತ್ತಾರೆ. ಭಾರತದ ಗಡಿಗಳನ್ನು ನಮ್ಮ ಪ್ರಕಾರ ತೋರಿಸುವ ನಕ್ಷೆಯೂ ತಕರಾರಿಗೆ ಕಾರಣವಾಗಬಹುದು.

ನಮ್ಮ ಬಳಿ ಸಿಕ್ಕಿಬಿದ್ದರೆ ನಮ್ಮನ್ನು ವಾಪಸ್ ಕಳಿಸಬಹುದು. ಆದರೆ ಒಬ್ಬ ಭಿಕ್ಷುವಿಗೆ ಪ್ರೀತಿಯಿಂದ ಆ ಚಿತ್ರ ಕೊಟ್ಟು ಬಂದರೆ? ಅವರು ವಿಚಾರಣೆ ಎದುರಿಸಬೇಕಾಗುತ್ತದೆ. ಗೈಡ್ ಪರವಾನಗಿ ಕಳೆದುಕೊಳ್ಳಬಹುದು. ನಾವು ಅಷ್ಟರಲ್ಲಿ ಬೆಂಗಳೂರಿನ ವಿಮಾನ ಹತ್ತಿರುತ್ತೇವೆ. ‘ನಿಮಗೆ ಚೀನಾ ಸರ್ಕಾರ ಇಷ್ಟವಾ?’, ‘ದಲೈ ಲಾಮಾ ವಾಪಸ್ ಬರಬೇಕು ಅಲ್ವಾ?’ ಎಂಬ ಪ್ರಶ್ನೆಗಳೂ ಹಾಗೆಯೇ. ಕೇಳುವವರಿಗೆ ಅದು ಕಾಳಜಿ, ಕೇಳಿಸಿಕೊಳ್ಳುವವರಿಗೆ ಅಪಾಯ. ಅವರಾಗಿ ಏನಾದರೂ ಹೇಳಿದರೆ ಕೇಳಿ, ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹೆಸರು, ಮುಖ, ಊರು ಹಾಕಿ ಎಲ್ಲೂ ಬರೆಯಬೇಡಿ. ಪೊಲೀಸ್, ಸೈನಿಕರು, ತಪಾಸಣಾ ಠಾಣೆಗಳ ಫೋಟೊ ತೆಗೆಯಬಾರದು. ಡ್ರೋನ್ ಒಯ್ಯುವುದೇ ಬೇಡ.

ಕೋರಾ: ಅವರ ಪ್ರದಕ್ಷಿಣೆ

ಟಿಬೆಟಿಯನ್ನರು ಕೈಲಾಸವನ್ನು ಕಾಂಗ್ ರಿಂಪೋಚೆ ಎನ್ನುತ್ತಾರೆ. ಅಮೂಲ್ಯ ಹಿಮರತ್ನ ಎಂದು ಅರ್ಥ ಹೇಳಬಹುದು. ಅವರಿಗೆ ಅದು ದೆಮ್‌ಚೋಕ್ ದೇವತೆಯ ನೆಲೆ. ಜೈನರಿಗೆ ಅದು ಅಷ್ಟಾಪದ, ಆದಿನಾಥರು ಮೋಕ್ಷ ಪಡೆದ ಜಾಗ. ನಮ್ಮ ಬಾಹುಬಲಿಯ ತಂದೆಯೇ ಆ ಆದಿನಾಥರು. ಬೌದ್ಧಧರ್ಮಕ್ಕೂ ಮೊದಲಿನಿಂದ ಬಂದದ್ದೆಂದು ಹೇಳುವ ಬೋನ್ ಧರ್ಮದವರಿಗೂ ಅದು ಪವಿತ್ರ. ನಾಲ್ಕು ಧರ್ಮದವರ ಬೆಟ್ಟ ಅದು. 6,638 ಮೀಟರ್ ಎತ್ತರದ ಅದರ ತುದಿಯನ್ನು ಯಾರೂ ಹತ್ತಿಲ್ಲ. ಎಲ್ಲರೂ ಸುತ್ತುತ್ತಾರೆ.

ಆ ಸುತ್ತಿಗೆ ಕೋರಾ ಎಂದು ಹೆಸರು. ದಾರಿ ಸುಮಾರು 52 ಕಿಲೋಮೀಟರ್. ನಾವು ಮೂರು ದಿನ ತೆಗೆದುಕೊಳ್ಳುತ್ತೇವೆ. ಅಲ್ಲಿನವರು ಬಹಳಷ್ಟು ಮಂದಿ ಬೆಳಗಿನ ಕತ್ತಲಲ್ಲಿ ಹೊರಟು ಒಂದೇ ದಿನದಲ್ಲಿ ಮುಗಿಸುತ್ತಾರೆ. ಇನ್ನು ಕೆಲವರು ಇಡೀ ದಾರಿಯನ್ನು ನೆಲಕ್ಕೆ ಉದ್ದಂಡ ಬಿದ್ದು, ಎದ್ದು, ಕೈ ತಾಗಿದ ಜಾಗಕ್ಕೆ ಬಂದು ನಿಂತು ಮತ್ತೆ ಬೀಳುತ್ತ ವಾರಗಟ್ಟಲೆ ಸಾಗುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ದೀಡ ನಮಸ್ಕಾರ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥವರು ಎದುರಾದರೆ ದಾರಿ ಬಿಟ್ಟು ನಿಲ್ಲಿ. ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ. ದೀಡ ನಮಸ್ಕಾರ ಹಾಕುತ್ತಿರುವ ನಮ್ಮ ತಾಯಿಯ ಮುಂದೆ ಯಾರೋ ಹಾಗೆ ಬಗ್ಗಿ ನಿಂತರೆ ನಮಗೆ ಹೇಗಾಗುತ್ತದೆ?

ಬೌದ್ಧರು ನಮ್ಮ ಹಾಗೆಯೇ ಬಲಕ್ಕೆ ಸುತ್ತುತ್ತಾರೆ. ಬೋನ್ ಧರ್ಮದವರು ಎಡಕ್ಕೆ ಸುತ್ತುತ್ತಾರೆ. ಎದುರಿನಿಂದ ಬರುವವರನ್ನು ಕಂಡು ‘ಅಪ್ರದಕ್ಷಿಣೆ’ ಎಂದು ತಿದ್ದಲು ಹೋಗಬೇಡಿ, ಅದು ಅವರ ಶಾಸ್ತ್ರ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಗೋಡೆಗಳು ಸಿಗುತ್ತವೆ. ಅವನ್ನು ಬಲಗಡೆ ಇಟ್ಟುಕೊಂಡು ದಾಟಬೇಕು. ಕೆತ್ತಿದ ಕಲ್ಲನ್ನು ಪ್ರಸಾದವೆಂದು ಮನೆಗೆ ತರಬಾರದು. ಯಾರೋ ತೀರಿಕೊಂಡವರ ಹೆಸರಿನಲ್ಲಿ ಇನ್ಯಾರೋ ಇಟ್ಟ ಹರಕೆ ಅದಾಗಿರಬಹುದು. ಗಾಳಿಗೆ ಹಾರುವ ಐದು ಬಣ್ಣದ ಬಟ್ಟೆಗಳಲ್ಲೂ ಮಂತ್ರಗಳಿರುತ್ತವೆ. ನೆಲಕ್ಕೆ ಜೋತಿದ್ದರೆ ಎತ್ತಿ ಕೆಳಗಿಂದ ದಾಟಿ, ತುಳಿಯಬೇಡಿ. ಡೋಲ್ಮಾ ಲಾಕ್ಕೆ ಮೊದಲು ಹಳೆ ಬಟ್ಟೆಗಳು ಹರಡಿಕೊಂಡ ಒಂದು ಜಾಗ ಬರುತ್ತದೆ. ನೋಡಿದವರಿಗೆ ಕಸ ಅನ್ನಿಸುತ್ತದೆ. ಹಳೆಯ ಬದುಕನ್ನು ಅಲ್ಲಿ ಕಳಚಿಟ್ಟು, ಘಾಟಿ ದಾಟಿ ಹೊಸ ಹುಟ್ಟು ಪಡೆಯುವುದು ಆ ಆಚರಣೆಯ ಅರ್ಥ.

ಕುದುರೆ ಹತ್ತುವುದಾದರೆ ಅದರ ಜೊತೆಗಿರುವ ಹುಡುಗನ ಮಾತು ಕೇಳಿ. ಇಳಿಜಾರಿನಲ್ಲಿ ಇಳಿಯಿರಿ ಎಂದರೆ ಇಳಿಯಲೇಬೇಕು. ಕುದುರೆಯಿಂದ ಬಿದ್ದು ಮೂಳೆ ಮುರಿದುಕೊಳ್ಳುವವರು ಇದ್ದಾರೆ. ಕೈಲಾಸದ ಸುತ್ತ ನೇಪಾಳದ ಹಾಗೆ ಕರೆದ ಕೂಡಲೇ ಹೆಲಿಕಾಪ್ಟರ್ ಬರುವುದಿಲ್ಲ. ಡೇರೆಗಳ ಬಳಿಯ ದೊಡ್ಡ ಕಾವಲು ನಾಯಿಗಳ ಹತ್ತಿರ ಹೋಗಬೇಡಿ, ಕಚ್ಚಿದರೆ ರೇಬೀಸ್ ಚುಚ್ಚುಮದ್ದು ಅಲ್ಲಿ ಸುಲಭಕ್ಕೆ ಸಿಗದು.

ಗೊಂಪಾದಲ್ಲಿ, ಮನೆಯಲ್ಲಿ

ಗೊಂಪಾ ಅಂದರೆ ಬೌದ್ಧ ಮಠ. ಅಲ್ಲಿನ ರೀತಿಗಳು ನಮಗೆ ಹೊಸದಲ್ಲ. ಹೊಸ್ತಿಲು ತುಳಿಯಬಾರದು. ಟೋಪಿ, ಕಪ್ಪು ಕನ್ನಡಕ ತೆಗೆಯಬೇಕು. ದೇವರ ಕಡೆ ಕಾಲು ಚಾಚಬಾರದು, ಬೆರಳು ತೋರಿಸುವ ಬದಲು ಅಂಗೈ ತೋರಿಸಬೇಕು. ಬೆಣ್ಣೆಯ ದೀಪವನ್ನು ಬಾಯಿಂದ ಊದಿ ಆರಿಸಬಾರದು. ಪುಸ್ತಕ, ಊಟದ ಪಾತ್ರೆ, ಮಲಗಿದವರು, ಇವುಗಳನ್ನು ದಾಟಿ ಹೋಗಬಾರದು. ನಮ್ಮ ಅಜ್ಜಿ ಹೇಳುತ್ತಿದ್ದ ಮಾತುಗಳೇ ಅಲ್ವಾ? ಒಂದು ಮಾತ್ರ ಬೇರೆ: ಮಕ್ಕಳನ್ನು ಕಂಡರೆ ನಾವು ತಲೆ ಸವರುತ್ತೇವೆ. ಅಲ್ಲಿ ಪರಿಚಯವಿಲ್ಲದವರು ತಲೆ ಮುಟ್ಟುವುದು ಸರಿಯಲ್ಲ. ಗೊಂಪಾದ ಒಳಗೆ ಫೋಟೊಗೆ ಕೆಲವು ಕಡೆ ಹಣ ಕಟ್ಟಬೇಕು, ಕೆಲವು ಕಡೆ ಬಿಡುವುದೇ ಇಲ್ಲ. ಕೇಳಿ ತೆಗೆಯಿರಿ.

ಖತಾ ಎಂಬ ಬಿಳಿ ಶಾಲನ್ನು ನಿಮ್ಮ ಕೊರಳಿಗೆ ಹಾಕಿದರೆ ತಲೆ ಬಗ್ಗಿಸಿ, ಎರಡೂ ಕೈ ಸೇರಿಸಿ ಸ್ವೀಕರಿಸಿ. ಸನ್ಮಾನದಲ್ಲಿ ಶಾಲು ಹೊದಿಸುವ ಗೌರವವೇ ಅದು. ಮನೆಗೆ ಕರೆದರೆ ಉಪ್ಪು ಹಾಕಿದ ಬೆಣ್ಣೆ ಚಹಾ ಕೊಡುತ್ತಾರೆ. ಸಿಹಿ ಚಹಾ ಎಂದುಕೊಂಡು ಕುಡಿದವರು ಮುಖ ಕಿವುಚುತ್ತಾರೆ. ತಿಳಿಸಾರು ಎಂದುಕೊಂಡು ಕುಡಿಯಿರಿ, ಹಿತವಾಗಿರುತ್ತದೆ. ಒಂದು ಗುಟುಕು ಕುಡಿದರೂ ಮತ್ತೆ ತುಂಬಿಸುತ್ತಾರೆ. ಸಾಕೆನಿಸಿದರೆ ತುಂಬಿದ ಬಟ್ಟಲನ್ನು ಹಾಗೇ ಬಿಟ್ಟು, ಹೊರಡುವಾಗ ಕುಡಿದು ಏಳಬೇಕು. ಚಹಾದ ಜೊತೆ ಕಲಸಿ ತಿನ್ನುವ ತ್ಸಂಪಾ ನಮ್ಮ ಹುರಿಹಿಟ್ಟೇ, ರಾಗಿಯ ಬದಲು ಬಾರ್ಲಿಯದ್ದು. ಅವರ ಊಟದಲ್ಲಿ ಯಾಕ್ ಮಾಂಸ ಇರುತ್ತದೆ. ಅಷ್ಟು ಎತ್ತರದ ಬಯಲಿನಲ್ಲಿ ಬೆಳೆ ಬರುವುದೇ ಕಷ್ಟ. ತಿನ್ನದವರು ನಯವಾಗಿ ಬೇಡ ಎನ್ನಬಹುದು, ಮೂಗು ಮುಚ್ಚಿಕೊಳ್ಳಬಾರದು. ಒಲೆಗೆ ಕಸ ಎಸೆಯಬಾರದು.

ಎರಡು ಮೂರು ಮಾತು ಕಲಿತರೆ ಬಹಳ ಉಪಯೋಗ. ನಮಸ್ಕಾರಕ್ಕೆ ‘ತಾಶಿ ದೆಲೆಕ್’. ಧನ್ಯವಾದಕ್ಕೆ ‘ತುಜೇ ಚೇ’. ಹೆಸರಿನ ಕೊನೆಗೆ ‘ಲಾ’ ಸೇರಿಸಿದರೆ ನಮ್ಮ ‘ಅವರೇ’ ಅಂದ ಹಾಗೆ, ಇದು ಬೆಟ್ಟ ದಾಟುವ ‘ಲಾ’ ಅಲ್ಲ. ತಾಯಿಯ ವಯಸ್ಸಿನವರು ‘ಆಮಾ ಲಾ’, ಅಜ್ಜಿಯ ವಯಸ್ಸಿನವರು ‘ಮೋ ಲಾ’.

ಸರೋವರ ಮತ್ತು ನಾಗ

ಮಾನಸ ಸರೋವರದಲ್ಲಿ ಮುಳುಗು ಹಾಕಬೇಕು ಎನ್ನುವುದು ನಮ್ಮವರ ದೊಡ್ಡ ಆಸೆ. ಇತ್ತೀಚಿನ ವರ್ಷಗಳಲ್ಲಿ ನೀರಿಗೆ ಇಳಿಯಲು ಅಲ್ಲಿನ ಆಡಳಿತ ಬಿಡುತ್ತಿಲ್ಲ. ನೀರು ತಂದು ದಡದಿಂದ ದೂರದಲ್ಲಿ ಮೀಯಬೇಕು. ಅನೇಕರು ನೊಂದುಕೊಳ್ಳುತ್ತಾರೆ, ಆ ನೋವು ಅರ್ಥವಾಗುವಂಥದ್ದೇ.

ಆದರೆ ಟಿಬೆಟಿಯನ್ನರು ಈ ನೀರನ್ನು ಹೇಗೆ ನೋಡುತ್ತಾರೆ ಎಂದು ತಿಳಿದರೆ ಮನಸ್ಸು ಸ್ವಲ್ಪ ಹಗುರಾಗಬಹುದು. ಅವರ ನಂಬಿಕೆಯಲ್ಲಿ ಕೆರೆ, ಬುಗ್ಗೆ, ನದಿಗಳಲ್ಲಿ ‘ಲು’ ವಾಸವಾಗಿರುತ್ತದೆ. ಸಂಸ್ಕೃತದ ‘ನಾಗ’ ಎಂಬ ಮಾತಿಗೆ ಟಿಬೆಟಿಯನ್ನರು ಬಳಸುವ ಪದವೇ ‘ಲು’. ನೀರನ್ನು ಹೊಲಸು ಮಾಡಿದರೆ ಲು ಮುನಿಯುತ್ತದೆ, ಚರ್ಮದ ಕಾಯಿಲೆ ಬರುತ್ತದೆ ಎನ್ನುತ್ತಾರೆ. ಕರಾವಳಿಯ ನಾಗಬನದ ಬಗ್ಗೆ ನಮ್ಮ ಹಿರಿಯರು ಹೇಳುವುದೂ ಇದನ್ನೇ. ನಾಗಬನಕ್ಕೆ ಸೋಪು, ಶಾಂಪೂ ಹಿಡಿದು ಯಾರೂ ಹೋಗುವುದಿಲ್ಲ. ಪೂಜೆ ಮಾಡಿ. ಆದರೆ ಕರ್ಪೂರದ ಡಬ್ಬಿ, ಪ್ಲಾಸ್ಟಿಕ್ ಚೀಲ, ಒದ್ದೆ ಬಟ್ಟೆ ಒಂದನ್ನೂ ದಡದಲ್ಲಿ ಬಿಡಬೇಡಿ. ಆ ಚಳಿಯಲ್ಲಿ ಏನೂ ಬೇಗ ಕೊಳೆಯುವುದಿಲ್ಲ.

ಹಕ್ಕಿಗಳಿಗೆ ಕೊಡುವ ಕೊನೆಯ ದಾನ

ಟಿಬೆಟಿನ ಬಹಳ ಕಡೆ ಹೂಳಲು ನೆಲ ಗಟ್ಟಿ, ಸುಡಲು ಸೌದೆ ಕಡಿಮೆ. ಸತ್ತವರ ದೇಹವನ್ನು ಬೆಟ್ಟದ ಮೇಲೆ ರಣಹದ್ದುಗಳಿಗೆ ಅರ್ಪಿಸುವ ಪದ್ಧತಿ ಬಂದದ್ದಕ್ಕೆ ಇದೂ ಒಂದು ಕಾರಣ. ಅವರು ಅದನ್ನು ಜಾತೋರ್ ಎನ್ನುತ್ತಾರೆ, ಹಕ್ಕಿಗಳಿಗೆ ದಾನ ಎಂದು ಅರ್ಥ. ಜೀವ ಹೋದ ದೇಹವೂ ಇನ್ನೊಂದು ಜೀವಕ್ಕೆ ಊಟವಾಗಲಿ ಎನ್ನುವ ಕರುಣೆ ಅದರ ಹಿಂದಿದೆ. ಕೈಲಾಸದ ಹಾದಿಯಲ್ಲೂ ಅಂಥ ಜಾಗವಿದೆ. ಅದನ್ನು ನೋಡಲು ಹೋಗಬೇಡಿ, ದೂರದಿಂದ ಜೂಮ್ ಮಾಡಬೇಡಿ. ಕಾನೂನು ಕೂಡ ಇದನ್ನು ತಡೆಯುತ್ತದೆ. ನಮ್ಮ ಮನೆಯವರ ಚಿತೆಯ ಮುಂದೆ ಪ್ರವಾಸಿಗಳು ಸಾಲುಗಟ್ಟಿ ನಿಲ್ಲುವುದನ್ನು ನಾವು ಸಹಿಸುವುದಿಲ್ಲ.

ಹೊರಡುವ ಮೊದಲು ಬೈಲಕುಪ್ಪೆಗೆ ಒಮ್ಮೆ

1960, 70ರ ದಶಕಗಳಿಂದ ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಸೀಮೆಗಳಲ್ಲಿ ಟಿಬೆಟಿಯನ್ನರು ನೆಲೆಸಿದ್ದಾರೆ. ಕೈಲಾಸಕ್ಕೆ ಹೊರಡುವವರು ಮೊದಲು ಅಲ್ಲಿಗೆ ಹೋಗಿ ಬನ್ನಿ. ಈ ಸಲ ಫೋಟೊ ಬದಿಗಿಟ್ಟು, ಗೊಂಪಾದ ಸುತ್ತ ಹಿರಿಯರ ಹಿಂದೆ ಒಂದು ಸುತ್ತು ನಡೆಯಿರಿ. ಪ್ರಾರ್ಥನಾ ಚಕ್ರ ಯಾವ ಕಡೆಗೆ ತಿರುಗಿಸುತ್ತಾರೆ ನೋಡಿ. ಬೆಣ್ಣೆ ಚಹಾ ಕುಡಿಯಿರಿ. ಅಲ್ಲಿನ ಹಿರಿಯರಲ್ಲಿ ಬಹಳ ಮಂದಿ ಕನ್ನಡ ಬಲ್ಲರು. ಜಪಮಣಿ ಎಣಿಸುತ್ತ ಕೂತ ಯಾರಾದರೂ ಮೋ ಲಾ ಬಳಿ ‘ಕಾಂಗ್ ರಿಂಪೋಚೆಗೆ ಹೋಗುತ್ತಿದ್ದೇನೆ’ ಎಂದು ಹೇಳಿ. ನಮಗೆ ತೆರೆದಿರುವ ಆ ದಾರಿ ಅವರಲ್ಲಿ ಹೆಚ್ಚಿನವರಿಗೆ ಮುಚ್ಚಿದೆ.

ಅವರು ಒಂದು ಖತಾ ಕೊಟ್ಟು ಅಲ್ಲಿ ಅರ್ಪಿಸಿ ಎಂದರೆ ಒಯ್ಯಿರಿ. ಚೀಟಿ, ಫೋಟೊ, ಬಂಧುಗಳ ವಿಳಾಸ ಕೊಟ್ಟರೆ ಮಾತ್ರ ಕೈಮುಗಿದು ಬೇಡ ಎನ್ನಿ. ಯಾಕೆ ಎಂದು ಅವರಿಗೆ ಗೊತ್ತಿರುತ್ತದೆ.